ಶಿವಮೊಗ್ಗದ ಗಾಳದಂಗಡಿಯೂ ಹೊನ್ನಾವರದ ಅಳಿವೆಯೂ: ತಳದ ಗಾಳದ ಸಜ್ಜು, ಎಂಟು ತಿಂಗಳ ಬಳಕೆಯ ನಂತರ

ಶಿವಮೊಗ್ಗದ ಗಾಂಧಿ ಬಜಾರಿಗೆ ಹೊಂದಿಕೊಂಡ ಒಂದು ಅಡ್ಡರಸ್ತೆಯಲ್ಲಿ, ಹಗ್ಗ, ಬಲೆ, ಟಾರ್ಪಾಲು ಮಾರುವ ಮಳಿಗೆಗಳ ನಡುವೆ, ಗಾಳದ ಸಾಮಾನು ಮಾರುವ ಸಣ್ಣ ಅಂಗಡಿಯೊಂದಿದೆ. ಕಳೆದ ಸೆಪ್ಟೆಂಬರಿನಲ್ಲಿ ಅಲ್ಲಿಂದ ತಳದ ಗಾಳಕ್ಕೆ, ಎಂದರೆ ಸೀಸದ ಭಾರ ಕಟ್ಟಿ ಎರೆಯನ್ನು ನೀರಿನ ತಳದಲ್ಲಿ ನಿಲ್ಲಿಸುವ ಗಾಳಕ್ಕೆ, ಬೇಕಾದ ಪೂರ್ತಿ ಸಜ್ಜನ್ನು ಕೊಂಡೆ. ಅದನ್ನು ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರ ತುಂಗೆಯಲ್ಲಿ ಹಲವು ಸಲ, ಹೊನ್ನಾವರದ ಶರಾವತಿ ಅಳಿವೆಯಲ್ಲಿ ಒಂಬತ್ತು ಸಲ ಬಳಸಿದ ಮೇಲೆ ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ. ಆ ಅಂಗಡಿಯ ಬಗ್ಗೆ ನನಗೆ ಗೌರವವಿದೆ. ಎರಡು ತಕರಾರುಗಳೂ ಇವೆ. ಆದ್ದರಿಂದ ಅಂಗಡಿಯ ಹೆಸರನ್ನಾಗಲಿ, ರೀಲು ತಯಾರಿಸಿದ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ಆ ಬೀದಿಯಲ್ಲಿ ಗಾಳ ಹಾಕುವ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಗಾಳವೆಂದರೆ ಬೆಂಡು. ವಾಟೆ ಬಿದಿರಿನ ಕೋಲು, ಅದರ ತುದಿಗೆ ಕೋಲಿನಷ್ಟೇ ಉದ್ದದ ತಂಗೂಸಿ ದಾರ, ದಾರದ ನಡುವೆ ಒಂದು ಬೆಂಡು, ಬಚ್ಚಲ ನೀರು ಹರಿಯುವ ಜಾಗದಲ್ಲಿ ಅಗೆದು ತೆಂಗಿನ ಕರಟಕ್ಕೆ ತುಂಬಿಕೊಂಡ ಎರೆಹುಳು. ಬೆಂಡು ಕುಣಿದು ಮುಳುಗಿದೊಡನೆ ಕೋಲನ್ನು ಎತ್ತಿ ಸೆಳೆಯಬೇಕು. ಒಂದು ಕ್ಷಣ ತಡವಾದರೂ ಎರೆ ಹೋಗಿ ಖಾಲಿ ಗಾಳ ಮೇಲೆ ಬರುತ್ತದೆ. ನಾನು ಆರನೆಯ ವಯಸ್ಸಿನಿಂದ ಹೀಗೆಯೇ ಮೀನು ಹಿಡಿದವನು. ಮಡುವಿನಲ್ಲಿ ನೀರು ಬಹುಮಟ್ಟಿಗೆ ನಿಂತಿರುವುದರಿಂದ ಈ ಕ್ರಮ ಅಲ್ಲಿಗೆ ಒಗ್ಗುತ್ತದೆ. ಹೊನ್ನಾವರದಲ್ಲಿ ತಂಗಿಯನ್ನು ಕೊಟ್ಟ ಮೇಲೆ, ಭಾವನವರ ಮನೆಯ ಹಿಂದಿನ ಅಳಿವೆಯ ದಡದಲ್ಲಿ ಅದೇ ಕೋಲು ಹಿಡಿದು ನಿಂತಾಗ ಮಾತ್ರ ನನ್ನ ನಲವತ್ತು ವರ್ಷಗಳ ಅನುಭವ ಯಾವ ಪ್ರಯೋಜನಕ್ಕೂ ಬರಲಿಲ್ಲ. ಅಲ್ಲಿ ನೀರು ನಿಲ್ಲುವುದೇ ಇಲ್ಲ. ಆರು ಗಂಟೆ ಒಳಕ್ಕೆ, ಆರು ಗಂಟೆ ಹೊರಕ್ಕೆ ಹರಿಯುವ ಹೊಳೆಯಲ್ಲಿ ಬೆಂಡು ನಾಲ್ಕು ಉಸಿರಿನೊಳಗೆ ದಡಕ್ಕೆ ಬಂದು ಬೀಳುತ್ತಿತ್ತು, ಎರೆ ತಳವನ್ನು ಮುಟ್ಟುತ್ತಲೇ ಇರಲಿಲ್ಲ. ಅಲ್ಲಿಯವರು ದಾರಕ್ಕೆ ಭಾರವಾದ ಸೀಸ ಕಟ್ಟಿ, ಎರೆಯನ್ನು ನೆಲದ ಮೇಲೆಯೇ ನಿಲ್ಲಿಸಿ, ಕೋಲಿನ ತುದಿಯನ್ನು ನೋಡುತ್ತ ಕುಳಿತಿರುತ್ತಾರೆ. ಆ ಸಜ್ಜು ನನಗೂ ಬೇಕೆನಿಸಿ ಶಿವಮೊಗ್ಗದ ಆ ಅಂಗಡಿಯ ಮೆಟ್ಟಿಲು ಹತ್ತಿದೆ.

ಅಂಗಡಿಯವರು ಗೋಡೆಗೆ ಒರಗಿಸಿಟ್ಟ ಕೋಲುಗಳ ಕಡೆಗೆ ನಾನು ಕೈ ಚಾಚಿದ್ದನ್ನು ನೋಡಿ, "ಮೇಷ್ಟ್ರೇ, ಕೋಲು ಆಮೇಲೆ ನೋಡೋಣ. ಮೊದಲು ನೀರು ಯಾವುದು ಹೇಳಿ" ಎಂದರು. ನೀರು ಯಾವುದೆಂದು ಹೇಳಿದ ಮೇಲೆ, ತಳ ಮರಳೋ ಕೆಸರೋ ಬಂಡೆಯೋ, ದಡದಿಂದ ಎಸೆಯುತ್ತೀರೋ ದೋಣಿಯಿಂದ ಇಳಿಬಿಡುತ್ತೀರೋ, ಹೋಗುವುದು ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲೋ ಅಷ್ಟಮಿಯ ಆಸುಪಾಸಿನಲ್ಲೋ ಎಂದು ಒಂದೊಂದಾಗಿ ಕೇಳಿದರು. ತಿಥಿ ಕೇಳಿದ್ದು ನನಗೆ ಮೊದಲಿಗೆ ವಿಚಿತ್ರವಾಗಿ ಕಂಡಿತು. ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಸೂರ್ಯ ಮತ್ತು ಚಂದ್ರರ ಸೆಳೆತ ಒಂದೇ ನೇರಕ್ಕೆ ಬರುವುದರಿಂದ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಅಷ್ಟೂ ನೀರು ಅದೇ ಆರು ಗಂಟೆಯಲ್ಲಿ ಅಳಿವೆಯ ಬಾಯಿಯ ಮೂಲಕ ಹೋಗಿ ಬರಬೇಕಾದ್ದರಿಂದ ಹರಿವು ಬಿರುಸಾಗುತ್ತದೆ. ಅಷ್ಟಮಿಯ ಸುತ್ತ ಈ ಎರಡು ಸೆಳೆತಗಳು ಒಂದಕ್ಕೊಂದು ಅಡ್ಡಲಾಗಿರುವುದರಿಂದ ನೀರಿನ ಏರಿಳಿತವೂ ಓಟವೂ ಸಾಧಾರಣವಾಗಿರುತ್ತವೆ. ಯಾವ ತೂಕದ ಸೀಸ ಕೊಡಬೇಕೆಂಬುದು ಈ ಒಂದು ಉತ್ತರದ ಮೇಲೆಯೇ ನಿಂತಿರುತ್ತದೆ ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಹೊನ್ನಾವರದಿಂದ ರಸ್ತೆಯಲ್ಲಿ ಸುಮಾರು 160 ಕಿ.ಮೀ. ದೂರದ ಊರಿನಲ್ಲಿ ಕುಳಿತು ಅಳಿವೆಯ ನೀರನ್ನು ಇಷ್ಟು ತಿಳಿದ ಅಂಗಡಿಯವರು ಇದ್ದಾರೆಂಬುದೇ ನಾನು ಈ ಬರಹವನ್ನು ಬರೆಯಲು ಮೊದಲ ಕಾರಣ.

ಅವರು ಹೊಂದಿಸಿ ಕೊಟ್ಟದ್ದು ಒಂಬತ್ತಡಿಯ, ಎರಡು ತುಂಡಾಗಿ ಬಿಚ್ಚುವ ಕೋಲು, 4000 ಅಳತೆಯ ಸ್ಪಿನ್ನಿಂಗ್ ರೀಲು, 0.40 ಮಿ.ಮೀ. ದಪ್ಪದ ನೈಲಾನ್ ದಾರ. ಮೂರು ತೂಕದ ಸೀಸಗಳು. ಗಾಳ, ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ, ಎರಡು ಕಿವಿಯ ಕೊಂಡಿ), ಮಣಿಗಳಿದ್ದ ಒಂದು ಡಬ್ಬಿ. ಎಲ್ಲ ಸೇರಿ ನಾನು ಕೊಟ್ಟದ್ದು 4,350 ರೂಪಾಯಿ. ಕೋಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ದೂರುವಂಥದ್ದು ಏನೂ ಇಲ್ಲ. ಬುಡ ಗಟ್ಟಿಯಾಗಿದೆ, ತುದಿ ಮಿದುವಾಗಿದೆ, ದಾರ ಹಾಯುವ ಉಂಗುರಗಳ ಒಳಗೆ ಪಿಂಗಾಣಿಯ ಬಳೆಯಿದೆ. ತಳದ ಗಾಳದಲ್ಲಿ ಬೆಂಡಿನ ಕೆಲಸವನ್ನು ಮಾಡುವುದು ಕೋಲಿನ ತುದಿಯಾದ್ದರಿಂದ ತುದಿ ಮಿದುವಾಗಿರುವುದು ಮುಖ್ಯ. 90 ಗ್ರಾಂ ಸೀಸವನ್ನು ಪೂರ್ತಿ ಬಲದಿಂದ ಎಸೆದಾಗಲೂ ಈ ಕೋಲು ತೊನೆದಾಡಿ ಸುಮ್ಮನಾಗುತ್ತದೆಯೇ ಹೊರತು ಎಲ್ಲಿಯೂ ಚಟ್ ಎಂದಿಲ್ಲ.

ಈ ಅಂಗಡಿಯ ನಿಜವಾದ ಸರಕು ಸೀಸ. ಅಂಗಡಿಯವರು ಟೈರು ಅಂಗಡಿಗಳಿಂದ ಚಕ್ರದ ತೂಕ ಸರಿಪಡಿಸುವ ಹಳೆಯ ಸೀಸದ ತುಂಡುಗಳನ್ನು ಕೊಂಡುತಂದು, ಕರಗಿಸಿ, ತಾವೇ ಅಚ್ಚಿಗೆ ಹೊಯ್ಯುತ್ತಾರೆ. ಮಾಡುವುದು ಮೂರು ಬಗೆ. ಮೊದಲನೆಯದು ನಡುವೆ ತೂತಿರುವ ಉದ್ದುದ್ದನೆಯ ಗುಂಡು. ಎರಡನೆಯದು ಚಪ್ಪಟೆಯಾದ, ಹುಣಸೆ ಬೀಜದ ಆಕಾರದ ಸೀಸ. ಹರಿವಿನಲ್ಲಿ ಗುಂಡು ಉರುಳುವಂತೆ ಇದು ಉರುಳುವುದಿಲ್ಲ. ಮೂರನೆಯದು ಕಾಲುಳ್ಳ ಸೀಸ. ಇದರ ಮೈಯಿಂದ ನಾಲ್ಕು ಉಕ್ಕಿನ ತಂತಿಗಳು ಹೊರಟು ಹಿಂದಕ್ಕೆ ಬಾಗಿರುತ್ತವೆ, ಬಾವಿಗೆ ಬಿದ್ದ ಕೊಡವನ್ನು ಎತ್ತುವ ಪಾತಾಳಗರಡಿಯ ಹಾಗೆ. ಮರಳಿನಲ್ಲಿ ಈ ಕಾಲುಗಳು ಹೂತು ನಿಲ್ಲುತ್ತವೆ, ಬಲವಾಗಿ ಎಳೆದರೆ ತಂತಿ ಬಾಗಿ ಬಿಟ್ಟುಕೊಡುತ್ತದೆ. ಕೈಗೆ ತೆಗೆದುಕೊಂಡು ನೋಡಿದರೆ ಅಚ್ಚಿನ ಎರಡು ಹೋಳು ಸೇರಿದ ಗೆರೆಯನ್ನು ಅರದಿಂದ ಉಜ್ಜಿ ನಯ ಮಾಡಿರುವುದು ಕಾಣುತ್ತದೆ. ತೂತಿನ ಬಾಯಿಯನ್ನು ಕೂಡ ಮೊಳೆಯಿಂದ ತಿರುವಿ ದಾರ ಕೊಯ್ಯದ ಹಾಗೆ ಮಾಡಿರುತ್ತಾರೆ. 60 ಗ್ರಾಮಿನ ಒಂದು ಸೀಸಕ್ಕೆ 35 ರೂಪಾಯಿ. ಆನ್‌ಲೈನಿನಲ್ಲಿ ತರಿಸಿದ ಸೀಸಗಳಲ್ಲಿ ಇಂಥ ನಾಜೂಕು ನನಗೆ ಸಿಕ್ಕಿಲ್ಲ. ಸೀಸ ವಿಷ ಎನ್ನುವುದನ್ನು ಅವರು ಮರೆಯುವುದಿಲ್ಲ. ಪೊಟ್ಟಣ ಕೊಡುವಾಗ, ಮಕ್ಕಳ ಕೈಗೆ ಕೊಡಬೇಡಿ, ಸಣ್ಣ ಗುಂಡುಗಳನ್ನು ಹಲ್ಲಿನಿಂದ ಕಚ್ಚಿ ಒತ್ತಬೇಡಿ, ಮುಟ್ಟಿದ ಕೈ ತೊಳೆಯದೆ ಊಟದ ಡಬ್ಬಿ ತೆರೆಯಬೇಡಿ ಎಂದು ಪ್ರತಿ ಸಲವೂ ಹೇಳುತ್ತಾರೆ. ಚಿಕ್ಕಂದಿನಲ್ಲಿ ನಾವೆಲ್ಲರೂ ಸೀಸವನ್ನು ಹಲ್ಲಿನಲ್ಲೇ ಒತ್ತಿದವರು. ಆಗ ಹೀಗೆ ಹೇಳುವವರು ಯಾರೂ ಇರಲಿಲ್ಲ.

ಕಟ್ಟುವ ಕ್ರಮವನ್ನು ಅವರು ಮೇಜಿನ ಮೇಲೆಯೇ ಮಾಡಿ ತೋರಿಸಿದರು. ಮುಖ್ಯ ದಾರವನ್ನು ಮೊದಲು ಸೀಸದ ತೂತಿನೊಳಗೆ ಹಾಯಿಸಬೇಕು, ಆಮೇಲೆ ಒಂದು ಮಣಿ, ಆಮೇಲೆ ಸ್ವಿವೆಲ್. ಸ್ವಿವೆಲ್ಲಿನ ಇನ್ನೊಂದು ಕಿವಿಗೆ ಒಂದೂವರೆ ಅಡಿಯಿಂದ ಎರಡಡಿಯ ತುಂಡು ದಾರ, ಅದರ ತುದಿಗೆ ಗಾಳ. ಹೀಗೆ ಕಟ್ಟಿದರೆ ಸೀಸ ನೆಲದಲ್ಲಿ ಬಿದ್ದಿರುತ್ತದೆ, ಆದರೆ ಎರೆಯನ್ನು ಕಚ್ಚಿಕೊಂಡು ಹೊರಟ ಮೀನಿಗೆ ಸೀಸದ ಭಾರ ತಿಳಿಯುವುದಿಲ್ಲ, ದಾರ ತೂತಿನೊಳಗೆ ಜಾರುತ್ತ ಹೋಗುತ್ತದೆ. ಸೀಸವನ್ನು ದಾರಕ್ಕೆ ಬಿಗಿಯಾಗಿ ಕಟ್ಟಿಬಿಟ್ಟರೆ ಅನುಮಾನದ ಮೀನು ಒಂದು ಸಲ ಜಗ್ಗಿ ನೋಡಿ ಉಗುಳಿಬಿಡುತ್ತದೆ. ಮಣಿ ಇರುವುದು ಸೀಸ ಬಂದು ಗಂಟಿಗೆ ಬಡಿಯದಿರಲೆಂದು. ಸೇತುವೆಯ ಕಂಬ, ಬಂಡೆಗಳ ಹತ್ತಿರ ಗಾಳ ಹಾಕುವವರು ಸೀಸವನ್ನು ಮುಖ್ಯ ದಾರಕ್ಕಿಂತ ದುರ್ಬಲವಾದ ಬೇರೊಂದು ತುಂಡು ದಾರದಲ್ಲಿ ತೂಗಬಿಡಬೇಕೆಂದೂ ಹೇಳಿದರು. ಆಗ ಸೀಸ ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ಸೀಸವಷ್ಟೇ ಹೋಗುತ್ತದೆ, ಮೀನೂ ಮಿಕ್ಕ ಸಜ್ಜೂ ಉಳಿಯುತ್ತವೆ.

ಅಕ್ಟೋಬರಿನ ಮೊದಲ ಪ್ರಯಾಣಕ್ಕೆ ಶಿವಮೊಗ್ಗದಿಂದ ನಸುಕಿನಲ್ಲಿಯೇ ಹೊರಟೆ. ಸಾಗರ ದಾಟಿ, ಮಾವಿನಗುಂಡಿಯ ತಿರುವುಗಳನ್ನಿಳಿದು ಗೇರುಸೊಪ್ಪೆಯ ಹೊತ್ತಿಗೆ ಬೆಳಕಾಗಿತ್ತು. ಈ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ನೆನಪಾಗುವ ಸಂಗತಿಯೆಂದರೆ, ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ನಿಂತು, ವಿದ್ಯುದಾಗಾರಗಳನ್ನು ದಾಟಿ, ಗೇರುಸೊಪ್ಪೆಯಲ್ಲಿ ಮತ್ತೊಮ್ಮೆ ತಡೆಯಲ್ಪಟ್ಟು ಕಡಲು ಸೇರುವ ಈ ಶರಾವತಿಯ ನೀರು ನಮ್ಮ ಜಿಲ್ಲೆಯದೇ. ವಿದ್ಯುತ್ತಿಗಾಗಿ ವರ್ಷವಿಡೀ ಮೇಲಿನಿಂದ ಸಿಹಿನೀರು ಬಿಡುತ್ತಿರುವುದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪಿನ ಅಂಶ, ಅಣೆಕಟ್ಟೆಯಿಲ್ಲದ ಪಕ್ಕದ ಅಘನಾಶಿನಿಗಿಂತ ಕಡಿಮೆ. ಗಾಳ ಹಾಕುವವನಿಗೆ ಇದು ಬರಿಯ ಮಾಹಿತಿಯಲ್ಲ. ಮೇಲಿನಿಂದ ನೀರು ಬಿಟ್ಟ ದಿನ ಇಳಿತದ ಸೆಳೆತ ಪಂಚಾಂಗ ಹೇಳಿದ್ದಕ್ಕಿಂತ ಜೋರಾಗಿರುತ್ತದೆ, ಉಬ್ಬರ ಒಳನುಗ್ಗಲು ತಡಮಾಡುತ್ತದೆ.

ಭಾವನವರ ನೆರೆಮನೆಯ ಹಿರಿಯರೊಬ್ಬರು ನನ್ನ ಜೊತೆಗೆ ದಡಕ್ಕೆ ಬಂದರು. ಎರಡು ಕಿ.ಮೀ.ಗೂ ಉದ್ದವಾದ ಕೊಂಕಣ ರೈಲ್ವೆಯ ಸೇತುವೆ ದೂರದಲ್ಲಿ ಕಾಣುತ್ತಿತ್ತು. ನಾನು ಎಸೆದ 60 ಗ್ರಾಮಿನ ಗುಂಡು ಸೀಸ ನೆಲ ಮುಟ್ಟಿತು, ಕೋಲಿನ ತುದಿ ಒಂದು ಸಲ ನೆಟ್ಟಗಾಯಿತು, ಆಮೇಲೆ ದಾರ ನಿಧಾನವಾಗಿ ಎಡಕ್ಕೆ, ಕಡಲಿನ ಕಡೆಗೆ ವಾಲತೊಡಗಿತು. ಸೀಸ ಉರುಳುತ್ತಿತ್ತು. ಬೆರಳನ್ನು ದಾರದ ಮೇಲಿಟ್ಟಾಗ ಮರಳಿನ ಮೇಲೆ ಸೀಸ ಉಜ್ಜುವ ಸಣ್ಣ ಗರಗರ ಸ್ಪಷ್ಟವಾಗಿ ತಿಳಿಯುತ್ತಿತ್ತು. ಚಪ್ಪಟೆ ಸೀಸವನ್ನು ಹಾಕಿದೆ; ಅದು ಸ್ವಲ್ಪ ಹೊತ್ತು ನಿಂತು ಮತ್ತೆ ಜಾರಿತು. ಕಾಲುಳ್ಳ 90 ಗ್ರಾಮಿನ ಸೀಸವನ್ನು ಕಟ್ಟಿ, ಹರಿವಿನ ಮೇಲುಭಾಗಕ್ಕೆ ಓರೆಯಾಗಿ ಎಸೆದು, ಹತ್ತಡಿ ದಾರವನ್ನು ಹೆಚ್ಚಿಗೆ ಬಿಟ್ಟೆ. ಆ ಹೆಚ್ಚಿನ ದಾರ ನೀರಿನಲ್ಲಿ ಬಿಲ್ಲಿನಂತೆ ಬಾಗಿ ಸೀಸವನ್ನು ಮೇಲಕ್ಕಲ್ಲದೆ ನೆಲದುದ್ದಕ್ಕೆ ಎಳೆಯುವುದರಿಂದ ಕಾಲುಗಳು ಇನ್ನಷ್ಟು ಹೂತುಕೊಳ್ಳುತ್ತವೆ. ತುದಿ ಬಾಗಿ ನಿಂತಿತು. ಅಂಗಡಿಯವರು ಮೂರು ಬಗೆಯ ಸೀಸವನ್ನೂ ಏಕೆ ಕೊಟ್ಟಿದ್ದರೆಂಬುದು ಆಗ ಅರ್ಥವಾಯಿತು.

ಸುಮಾರು ಒಂದು ಗಂಟೆಯ ನಂತರ ಇಳಿತ ಮುಗಿಯಿತು. ಬಾಗಿದ ತುದಿ ತಾನಾಗಿ ನೆಟ್ಟಗಾಯಿತು, ದಾರ ಸಡಿಲವಾಯಿತು, ನೀರಿನ ಮೇಲೆ ತೇಲುತ್ತಿದ್ದ ಒಣಗಿದ ತೆಂಗಿನ ಸೋಗೆ ಇದ್ದಲ್ಲಿಯೇ ನಿಂತಿತು. ಆ ಹಿರಿಯರು ಬೀಡಿ ಹಚ್ಚಿಕೊಂಡು, "ನೀರು ನಿಂತ್ರೆ ಮೀನೂ ನಿಂತ್ತದೆ ಮಾಸ್ತರ್ರೇ. ಭರತ ಹತ್ಲಿ, ನೋಡಿ" ಎಂದರು. ಭರತವೆಂದರೆ ಅಲ್ಲಿಯವರ ಮಾತಿನಲ್ಲಿ ಉಬ್ಬರ. ಇಪ್ಪತ್ತು ನಿಮಿಷದ ಮೇಲೆ ಸೋಗೆ ಬಂದ ದಾರಿಯಲ್ಲಿಯೇ ಮೇಲಕ್ಕೆ ಹೊರಟಿತು. ಈಗ ಎಲ್ಲವೂ ತಿರುಗುಮುರುಗು: ಬಲಕ್ಕೆ ಎಸೆಯುತ್ತಿದ್ದವನು ಎಡಕ್ಕೆ ಎಸೆಯಬೇಕು, ಕೋಲಿನ ಆಸರೆಯನ್ನೂ ತಿರುಗಿಸಿ ನೆಡಬೇಕು. ಉಬ್ಬರ ಹತ್ತಿದ ಮೊದಲ ಒಂದೂವರೆ ಗಂಟೆಯೇ ಆ ಜಾಗದಲ್ಲಿ ಒಳ್ಳೆಯ ಹೊತ್ತು. ಇಳಿತದಲ್ಲಿ ಒಣಗಿದ್ದ ದಿಬ್ಬಗಳ ಮೇಲೆ ನೀರು ಏರುವಾಗ ಹುಳು, ಸೀಗಡಿ, ಸಣ್ಣ ಏಡಿಗಳನ್ನು ಹುಡುಕುತ್ತ ಮೀನುಗಳೂ ಏರುತ್ತವೆ. ಇಳಿತದ ಹೊತ್ತಿನಲ್ಲಾದರೆ ಸಣ್ಣ ಕೋಡಿಗಳು ಹೊಳೆಗೆ ಸೇರುವ ಬಾಯಲ್ಲಿ ಗಾಳ ಹಾಕಬೇಕು. ಒಳಗಿನಿಂದ ತೇಲಿ ಬರುವ ಆಹಾರಕ್ಕಾಗಿ ದೊಡ್ಡ ಮೀನು ಅಲ್ಲಿ ಕಾದಿರುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ ಈ ಒಳ್ಳೆಯ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಶಿವಮೊಗ್ಗದಿಂದ ಹೋಗುವವರು ತಮ್ಮ ರಜೆಯ ದಿನಕ್ಕೆ ನೀರು ಹೊಂದಿಕೊಳ್ಳಲೆಂದು ಬಯಸದೆ, ನೀರಿನ ದಿನಕ್ಕೆ ರಜೆ ಹೊಂದಿಸಿಕೊಳ್ಳಬೇಕು.

ಗಾಳದ ವಿಷಯದಲ್ಲಿ ಅಂಗಡಿಯವರ ಸಲಹೆ ನನಗೆ ಅತ್ಯಂತ ಕಷ್ಟವಾದದ್ದು, ಕಡೆಗೆ ಅತ್ಯಂತ ಉಪಕಾರವಾದದ್ದೂ ಅದೇ. ನೇರವಾದ ಗಾಳದ ಬದಲು ಮೊನೆ ಒಳಕ್ಕೆ ಬಾಗಿರುವ ಸರ್ಕಲ್ ಗಾಳವನ್ನು ಅವರು ಕೊಟ್ಟಿದ್ದರು. ಮೀನು ಇದನ್ನು ನುಂಗಿದರೂ ಮೊನೆ ಸಾಮಾನ್ಯವಾಗಿ ಹೊಟ್ಟೆಯಲ್ಲಿ ಚುಚ್ಚುವುದಿಲ್ಲ. ಮೀನು ತಿರುಗಿ ಹೊರಟಾಗ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಕೂರುತ್ತದೆ. ಆದರೆ ಅದಕ್ಕೆ ಒಂದು ಷರತ್ತಿದೆ: ಎತ್ತಿ ಸೆಳೆಯಬಾರದು. ತುದಿ ಬಾಗಿ ದಾರ ಬಿಗಿಯುವವರೆಗೆ ಕಾದು, ರೀಲನ್ನು ನಿಧಾನವಾಗಿ ಸುತ್ತಬೇಕು. ಬೆಂಡು ಮುಳುಗಿದೊಡನೆ ಕೋಲೆತ್ತುವುದು ಮೂಳೆಯಲ್ಲಿಯೇ ಸೇರಿಹೋಗಿದ್ದ ನಾನು ಮೊದಲ ಎರಡು ಪ್ರಯಾಣಗಳಲ್ಲಿ ಏಳು ಕಚ್ಚುಗಳನ್ನು ಹೀಗೆ ಸೆಳೆದು ಕಳೆದುಕೊಂಡೆ. ಮೂರನೆಯ ಸಲ ಎರಡೂ ಕೈಗಳನ್ನು ಮಂಡಿಯ ಕೆಳಗೆ ಇಟ್ಟುಕೊಂಡು ಕುಳಿತೆ. ತುದಿ ಎರಡು ಸಲ ತಟಪಟ ಎಂದಿತು, ಸುಮ್ಮನಾಯಿತು, ಆಮೇಲೆ ಯಾರೋ ನೀರೊಳಗಿಂದ ಕೈಯಲ್ಲಿ ಹಿಡಿದು ಬಗ್ಗಿಸಿದಂತೆ ನಿಧಾನವಾಗಿ ಬಾಗುತ್ತ ಹೋಯಿತು. ಕೋಲನ್ನೆತ್ತಿಕೊಂಡಾಗ ಮೀನು ಆಗಲೇ ಸಿಕ್ಕಿಕೊಂಡಿತ್ತು. ಅದು ಒಂದು ಕಿಲೋ ನಾನೂರು ಗ್ರಾಂ ತೂಗಿದ ಕೆಂಬೇರಿ. ಸಿಕ್ಕಿಕೊಂಡೊಡನೆ ಬಂಡೆಯ ಸಂದಿಗೋ ಕಂಬದ ಬುಡಕ್ಕೋ ನುಗ್ಗುವುದು ಆ ಮೀನಿನ ಸ್ವಭಾವ. ರೀಲಿನ ಡ್ರ್ಯಾಗನ್ನು (ಎಷ್ಟು ಬಲದ ಎಳೆತಕ್ಕೆ ರೀಲು ದಾರ ಬಿಟ್ಟುಕೊಡಬೇಕೆಂದು ಹೊಂದಿಸುವ ತಿರುಪು) ಅಂಗಡಿಯವರು ತೂಕದ ಕಾಟಾ ಹಿಡಿದು, ದಾರದ ಬಲದ ಸುಮಾರು ಕಾಲು ಭಾಗಕ್ಕೆ ಹೊಂದಿಸಿ ಕೊಟ್ಟಿದ್ದರಿಂದ ದಾರ ಕಡಿಯದೆ, ಮೀನು ಬಂಡೆ ಸೇರದೆ ದಡಕ್ಕೆ ಬಂತು. ಗಾಳ ಬಾಯಿಯ ಮೂಲೆಯಲ್ಲಿಯೇ, ಅವರು ಹೇಳಿದ ಜಾಗದಲ್ಲಿಯೇ ಇತ್ತು. ಆಮೇಲೆ ಸಣ್ಣ ಮೀನುಗಳನ್ನು ಬಿಡುವಾಗಲೂ ಈ ಗಾಳದ ಬೆಲೆ ತಿಳಿಯಿತು. ನುಂಗಿದ ಗಾಳವನ್ನು ಕಿತ್ತು ಕರುಳನ್ನೇ ಹೊರತೆಗೆಯುವ ಕೆಲಸ ಇದರಲ್ಲಿ ಇಲ್ಲ.

ಕಾಣೆ ಮೀನಿಗೆ ಮಾತ್ರ ಈ ದೊಡ್ಡ ಗಾಳ ಆಗುವುದಿಲ್ಲ. ಕಾಣೆಯ ಬಾಯಿ ಚಿಕ್ಕದು, ಮರಳಿನ ತಳದಲ್ಲಿ ಹುಳು ಹೆಕ್ಕಿ ತಿನ್ನುವ ಮೀನು ಅದು. ಅದಕ್ಕೆ ಸಣ್ಣ ಉದ್ದ ಕಾಲಿನ ಗಾಳ, ಹಗುರ ಸೀಸ ಬೇಕು. ಡಬ್ಬಿಯಲ್ಲಿ ಅಂಥ ನಾಲ್ಕು ಗಾಳಗಳನ್ನಾದರೂ ಹಾಕಿದ್ದರೆ ಚೆನ್ನಾಗಿತ್ತು. ನಾನು ಎರಡನೆಯ ಸಲ ಹೋಗಿ ಕೇಳಿ ತರಬೇಕಾಯಿತು.

ಎರೆಯ ವಿಷಯದಲ್ಲಿ ಅಂಗಡಿ ಅಷ್ಟು ಸಹಾಯಕ್ಕೆ ಬರುವುದಿಲ್ಲ. ಅಲ್ಲಿ ಸಿಗುವುದು ರೋಹು, ಕಾಟ್ಲಾಗಳಿಗೆ ಹಿಂಡಿ, ಹಿಟ್ಟು ಸೇರಿಸಿ ಕಲಸುವ ಪುಡಿ. ಕೆರೆಗಳಿಗೆ ಅದು ಒಳ್ಳೆಯದು, ಆದರೆ ಅಳಿವೆಯ ಹರಿವಿನಲ್ಲಿ ಐದು ನಿಮಿಷ ನಿಲ್ಲುವುದಿಲ್ಲ. ಹೊನ್ನಾವರದ ಮೀನು ಪೇಟೆಯಲ್ಲಿ ಬೆಳಿಗ್ಗೆ ಕೊಂಡ ಹಸಿ ಸೀಗಡಿಯೇ ಅಲ್ಲಿ ಸರಿಯಾದ ಎರೆ. ಸಿಗದಿದ್ದರೆ ತಾರ್ಲೆ ಮೀನಿನ ಪಕ್ಕೆಯನ್ನು ಓರೆಯಾಗಿ ಕೊಯ್ದ ಪಟ್ಟಿ. ಸೀಗಡಿಯನ್ನು ಬಾಲದಿಂದ ಪೋಣಿಸಿ ನೆಟ್ಟಗೆ ಕೂರಿಸಬೇಕು. ಸೊಟ್ಟಗೆ ಕೂತರೆ ಹರಿವಿನಲ್ಲಿ ಎರೆ ತಿರುಗುತ್ತ ತುಂಡು ದಾರವನ್ನೆಲ್ಲ ಹುರಿ ಮಾಡಿಬಿಡುತ್ತದೆ. ಅಂಗಡಿಯಲ್ಲಿ 40 ರೂಪಾಯಿಗೆ ಸಿಗುವ ತೆಳ್ಳನೆಯ ರಬ್ಬರಿನ ನೂಲಿನಿಂದ ಎರೆಯನ್ನು ಗಾಳಕ್ಕೆ ನಾಲ್ಕು ಸುತ್ತು ಸುತ್ತಿಕೊಂಡರೆ ದೂರ ಎಸೆದಾಗಲೂ ಕಳಚುವುದಿಲ್ಲ. ತಳದ ಗಾಳದ ದೊಡ್ಡ ಶತ್ರು ಏಡಿ. ತುದಿ ಸಣ್ಣಗೆ, ಬಿಡದೆ, ಟಿಕಿ ಟಿಕಿ ಎನ್ನುತ್ತಿದ್ದರೆ ಅದು ಮೀನಲ್ಲ, ಏಡಿ ಎರೆಯನ್ನು ಚಿವುಟುತ್ತಿದೆ ಎಂದು ತಿಳಿಯಬೇಕು. ಗಾಳದಿಂದ ಒಂದು ಗೇಣು ಮೇಲೆ ತುಂಡು ದಾರದಲ್ಲಿ ಕಡಲೆಬೀಜದ ಗಾತ್ರದ ಬೆಂಡಿನ ಚೂರನ್ನು ಸೇರಿಸಿದರೆ ಎರೆ ನೆಲದಿಂದ ಸ್ವಲ್ಪ ಮೇಲೆ ತೇಲುತ್ತದೆ, ಏಡಿಯ ಕೊಂಬಿಗೆ ಸುಲಭವಾಗಿ ಎಟುಕುವುದಿಲ್ಲ. ಇದನ್ನು ಹೇಳಿಕೊಟ್ಟವರು ಅಂಗಡಿಯವರಲ್ಲ, ಭಾವನವರ ನೆರೆಯ ಆ ಹಿರಿಯರು. ನನ್ನ ಬೆಂಡಿನ ಬದುಕಿನ ಒಂದು ಚೂರಾದರೂ ಅಳಿವೆಯಲ್ಲಿ ಉಪಯೋಗಕ್ಕೆ ಬಂದದ್ದು ನನಗೆ ಸಂತೋಷ ಕೊಟ್ಟಿತು.

ಈಗ ತಕರಾರುಗಳು. ಮೊದಲನೆಯದು, ಸಿದ್ಧವಾಗಿ ಕಟ್ಟಿ ಮಾರುವ ಗಾಳದ ತುಂಡುಗಳದ್ದು. ಹತ್ತರ ಪೊಟ್ಟಣಕ್ಕೆ 220 ರೂಪಾಯಿ ಕೊಟ್ಟು ಕೊಂಡ ಇವುಗಳಲ್ಲಿ ಗಂಟಿನ ಬದಲು ಸಣ್ಣ ಲೋಹದ ಕೊಳವೆಯನ್ನು ಒತ್ತಿ ದಾರವನ್ನು ಹಿಡಿಸಿದ್ದರು. ಡಿಸೆಂಬರಿನಲ್ಲಿ ಉಬ್ಬರದ ಕೊನೆಯ ಹೊತ್ತಿಗೆ ಕಚ್ಚಿದ ಒಂದು ಮೀನು ರೀಲಿನಿಂದ ಮೂವತ್ತು ಮಾರು ದಾರ ಎಳೆದುಕೊಂಡು ಹೋಯಿತು. ಹತ್ತು ನಿಮಿಷ ಕಾದಾಡಿದ ಮೇಲೆ ಒಮ್ಮೆಲೇ ದಾರ ಹಗುರಾಯಿತು. ಎಳೆದು ನೋಡಿದಾಗ ದಾರ ಕಡಿದಿರಲಿಲ್ಲ. ತುದಿ ಹಾವಿನ ಮರಿಯ ಬಾಲದಂತೆ ಸುರುಳಿಯಾಗಿತ್ತು, ಅಂದರೆ ಕೊಳವೆಯಿಂದ ಜಾರಿ ಬಂದಿತ್ತು. ಅದು ಕುರುಡಿ ಎಂಬ ಮೀನಿದ್ದಿರಬೇಕೆಂದು ನೋಡಿದವರು ಹೇಳಿದರು. ನನಗೆ ಮೀನು ತಪ್ಪಿದ್ದಕ್ಕಿಂತ, ಬಾಯಲ್ಲಿ ಗಾಳ ಹೊತ್ತುಕೊಂಡು ಅದು ಹೋಯಿತಲ್ಲ ಎಂಬ ಸಂಕಟ ಹೆಚ್ಚಾಯಿತು. ಉಳಿದ ಒಂಬತ್ತನ್ನು ಕಾಟಾಕ್ಕೆ ಸಿಕ್ಕಿಸಿ ಎಳೆದು ನೋಡಿದೆ. ಅವುಗಳಲ್ಲಿ ಎರಡು, ನಾಲ್ಕು ಕಿಲೋ ಸೆಳೆತಕ್ಕೇ ಜಾರಿದವು. ಅಂಗಡಿಗೆ ತಂದು ತೋರಿಸಿದಾಗ ಅವರು ವಾದ ಮಾಡಲಿಲ್ಲ. ಹೊರಗಿನಿಂದ ತರಿಸಿದ ಮಾಲು ಎಂದು ಒಪ್ಪಿಕೊಂಡು ಹಣವನ್ನು ಹಿಂದಿರುಗಿಸಿದರು, ಉಳಿದ ಪೊಟ್ಟಣಗಳನ್ನು ಕಪಾಟಿನಿಂದ ತೆಗೆದರು. ಒಳ್ಳೆಯದೇ. ಆದರೆ ತಮ್ಮ ಸೀಸವನ್ನು ಅಷ್ಟು ಎಚ್ಚರದಿಂದ ಪರೀಕ್ಷಿಸುವವರು ಬೇರೆಯವರ ಮಾಲನ್ನು ಒಂದು ಸಲವೂ ಎಳೆದು ನೋಡದೆ ಮಾರಿದ್ದು ಸರಿಯಲ್ಲ. ಈಗ ನಾನು ಗಂಟುಗಳನ್ನು ನಾನೇ ಹಾಕುತ್ತೇನೆ: ದಾರವನ್ನು ಗಾಳದ ಕಿವಿಯಲ್ಲಿ ಹಾಯಿಸಿ, ಐದಾರು ಸುತ್ತು ಸುತ್ತಿ, ತುದಿಯನ್ನು ಮೊದಲ ಕುಣಿಕೆಯಲ್ಲಿ ತೂರಿಸಿ, ನೀರಿನಲ್ಲಿ ಅದ್ದಿ ಬಿಗಿಯುವುದು. ಒಣ ದಾರವನ್ನು ಬಿಗಿದರೆ ಉಜ್ಜಾಟದ ಬಿಸಿಗೆ ನೈಲಾನು ಅಲ್ಲಿಯೇ ದುರ್ಬಲವಾಗುತ್ತದೆ.

ಎರಡನೆಯ ತಕರಾರು ರೀಲಿನದು, ಇದು ಹೆಚ್ಚು ಗಂಭೀರ. ಮಾರುವಾಗ "ಉಪ್ಪುನೀರಿಗೂ ನಡೆಯುತ್ತದೆ" ಎಂದಿದ್ದರು. ಐದನೆಯ ಪ್ರಯಾಣದ ನಂತರ ಹಿಡಿ ತಿರುವಿದಾಗ ಮರಳು ಸೇರಿದಂತೆ ಕರಕರ ಎನ್ನತೊಡಗಿತು. ಪಕ್ಕದ ಮುಚ್ಚಳವನ್ನು ಬಿಚ್ಚಿ ನೋಡಿದರೆ ಬೇರಿಂಗಿನ ಸುತ್ತ ಕಂದು ತುಕ್ಕು, ದಾರ ಬಿಡುವ ಬಾಗುತಂತಿಯ ಸ್ಪ್ರಿಂಗಿನ ಮೇಲೆ ಬಿಳಿಯ ಉಪ್ಪಿನ ಹರಳು. ಅಘನಾಶಿನಿಗಿಂತ ಕಡಿಮೆ ಉಪ್ಪಿನ ನೀರಿನಲ್ಲಿಯೇ ಹೀಗಾದರೆ ಕಡಲ ದಂಡೆಯಲ್ಲಿ ಬಳಸಿದ್ದರೆ ಇನ್ನೆಷ್ಟು ಬೇಗ ಹಾಳಾಗುತ್ತಿತ್ತೋ. ಪ್ರತಿ ಸಲ ಬಳಸಿದ ಮೇಲೆ ಡ್ರ್ಯಾಗನ್ನು ಬಿಗಿ ಮಾಡಿಕೊಂಡು, ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆದು, ಒರೆಸಿ, ಆಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ನೆರಳಿನಲ್ಲಿ ಒಣಗಿಸಬೇಕೆಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ಮೊದಲ ಪ್ರಯಾಣಗಳಲ್ಲಿ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಜೋರಾಗಿ ನೀರು ಹಾಯಿಸಿದ್ದೆ. ಅದರಿಂದ ಹೊರಗಿದ್ದ ಉಪ್ಪು ಒಳಕ್ಕೇ ಹೋಗಿದೆ. ಅಂಗಡಿಯವರು 150 ರೂಪಾಯಿ ತೆಗೆದುಕೊಂಡು ಬಿಚ್ಚಿ, ಹಳೆಯ ರೀಲೊಂದರ ಸ್ಪ್ರಿಂಗು ಹಾಕಿ, ಗ್ರೀಸು ತುಂಬಿ ಕೊಟ್ಟಿದ್ದಾರೆ. ಈಗ ತಿರುಗುತ್ತಿದೆ, ಆದರೆ ಮೊದಲಿನ ನಯ ಮರಳಲಿಲ್ಲ. ತಿಥಿ ಕೇಳಿ ಸೀಸ ಕೊಡುವವರು ಉಪ್ಪುನೀರಿಗೆ ಹೋಗುವವನಿಗೆ ತುಕ್ಕು ತಡೆಯುವ ಬೇರಿಂಗಿನ ರೀಲನ್ನೇ ತೋರಿಸಬೇಕಿತ್ತು, ಬೆಲೆ ಎಂಟುನೂರು ರೂಪಾಯಿ ಹೆಚ್ಚಾದರೂ ಸರಿ.

ದಾರವನ್ನು ನಾನೇ ಬದಲಾಯಿಸಿಕೊಂಡೆ. ದಪ್ಪ ದಾರದ ಮೇಲೆ ಹರಿವು ಹೆಚ್ಚು ಒತ್ತುತ್ತದೆ. ಅಷ್ಟೇ ಬಲದ ಹೆಣೆದ ದಾರ ಸುಮಾರು ಅರ್ಧ ದಪ್ಪವಿರುವುದರಿಂದ 90 ಗ್ರಾಂ ಬೇಕಾಗುತ್ತಿದ್ದ ಕಡೆ 60 ಗ್ರಾಂ ಸಾಕಾಗುತ್ತದೆ. ಅದು ಹಿಗ್ಗುವುದಿಲ್ಲವಾದ್ದರಿಂದ ಕಾಣೆಯಂಥ ಸಣ್ಣ ಮೀನಿನ ಕಚ್ಚು ಕೂಡ ತುದಿಗೆ ತಲಪುತ್ತದೆ. ಬಂಡೆಗೆ ಉಜ್ಜಿದರೆ ಮಾತ್ರ ಬೇಗ ಹರಿಯುವುದರಿಂದ ಕೊನೆಯ ಒಂದೆರಡು ಮಾರು ನೈಲಾನನ್ನೇ ಇಟ್ಟುಕೊಂಡಿದ್ದೇನೆ.

ಇದೇ ಸಜ್ಜು ತುಂಗೆಗೆ ಭಾರ. ಬೇಸಿಗೆಯಲ್ಲಿ ನಮ್ಮೂರ ಮಡುವಿನಲ್ಲಿ 20 ಗ್ರಾಂ ಸೀಸ ಸಾಕು, ಏಳಡಿಯ ಹಗುರ ಕೋಲು ಸಾಕು. ಆದರೂ ರಾತ್ರಿ ಹೊತ್ತು ಬಾಳೆಮೀನಿಗೆ ಕೋಳಿಯ ಕರುಳನ್ನು ಎರೆಯಾಗಿಸಿ ತಳದಲ್ಲಿ ಬಿಟ್ಟಾಗ ಈ ಕೋಲಿನ ಗಟ್ಟಿತನ ಉಪಯೋಗಕ್ಕೆ ಬಂತು. ತುಂಗೆಯ ಪ್ರಸ್ತಾಪ ಬಂದದ್ದರಿಂದ ಅಂಗಡಿಯ ಇನ್ನೊಂದು ನಡವಳಿಕೆಯನ್ನು ಬರೆಯಲೇಬೇಕು. ಜನವರಿಯಲ್ಲಿ ನಾನು ಅಲ್ಲಿ ಕುಳಿತಿದ್ದಾಗ ಇಬ್ಬರು ಹುಡುಗರು ಬಂದು, ತೀರ್ಥಹಳ್ಳಿಯ ಹತ್ತಿರ ಕಾಲಿಗೆ ತಾಗುವಷ್ಟು ಮೀನಿರುವ ಜಾಗಕ್ಕೆ ಗಟ್ಟಿ ದಾರ ಬೇಕೆಂದು ಕೇಳಿದರು. ಅಂಗಡಿಯವರು, "ಚಿಪ್ಪಲಗುಡ್ಡೆನಾ ತಮ್ಮಾ? ಅದು ಮತ್ಸ್ಯಧಾಮ. ಅಲ್ಲಿಗೆ ನಾನು ಸೂಜಿನೂ ಕೊಡಲ್ಲ" ಎಂದು ಸಾಮಾನನ್ನು ಒಳಗಿಟ್ಟರು. ಶೃಂಗೇರಿಯಲ್ಲಾಗಲಿ ಚಿಪ್ಪಲಗುಡ್ಡೆಯಲ್ಲಾಗಲಿ ಆ ಮೀನುಗಳು ಮನುಷ್ಯನ ಕೈಯಿಂದ ಮಂಡಕ್ಕಿ ತಿನ್ನುವಷ್ಟು ನಂಬಿಕೆಯಿಂದ ಬದುಕುತ್ತಿವೆ; ಅಲ್ಲಿ ಗಾಳ ಹಾಕುವುದು ಕಾನೂನಿಗೂ ನಂಬಿಕೆಗೂ ದ್ರೋಹ. ಮಳೆಗಾಲದ ಮೊದಲ ನೀರಿಗೆ ಮೊಟ್ಟೆಯಿಡಲು ಹಳ್ಳ ಹತ್ತುವ ಹತ್ತುಮೀನಿನ ಕಾಲದಲ್ಲಿ ಅವರು ಹೊಳೆಯ ಗಾಳದ ವ್ಯಾಪಾರವನ್ನು ತಾವಾಗಿಯೇ ಕಡಿಮೆ ಮಾಡುತ್ತಾರೆ. ಬಾಗಿಲ ಬಳಿ ಒಂದು ಹಳೆಯ ಎಣ್ಣೆ ಡಬ್ಬವಿದೆ, ಹರಿದ ದಾರದ ತುಂಡುಗಳನ್ನು ಗಿರಾಕಿಗಳು ತಂದು ಅದಕ್ಕೆ ಹಾಕುತ್ತಾರೆ. ದಡದಲ್ಲಿ ಬಿಟ್ಟ ತಂಗೂಸಿ ಕಾಲಿಗೆ ಸುತ್ತಿಕೊಂಡು ಕೊಕ್ಕರೆ ಸತ್ತದ್ದನ್ನು ನಾನೇ ನೋಡಿದ್ದೇನೆ. ಆ ಡಬ್ಬ ನನಗೆ ಅಂಗಡಿಯ ಯಾವ ಸಾಮಾನಿಗಿಂತಲೂ ಕಡಿಮೆಯದಲ್ಲ.

ಹೋಗುವವರಿಗೆ ಇಷ್ಟು: ಸೀಸ, ಗಾಳ, ಕೋಲು, ರಬ್ಬರಿನ ನೂಲುಗಳನ್ನು ಕಣ್ಣು ಮುಚ್ಚಿ ಅಲ್ಲಿಯೇ ಕೊಳ್ಳಿ. ರೀಲನ್ನು ಕೊಳ್ಳುವಾಗ ಉಪ್ಪುನೀರಿಗೆಂದು ಎರಡು ಸಲ ಹೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸಿದ್ಧ ಗಂಟಿನ ಪೊಟ್ಟಣ ಮತ್ತೆ ಕಪಾಟಿಗೆ ಬಂದಿದ್ದರೆ ಕಾಟಾಕ್ಕೆ ಸಿಕ್ಕಿಸಿ ಎಳೆದು ನೋಡದೆ ತೆಗೆದುಕೊಳ್ಳಬೇಡಿ. ಭಾನುವಾರ ಅಂಗಡಿ ಇರುವುದಿಲ್ಲ, ಅವರೂ ಹೊಳೆಯ ಮೇಲಿರುತ್ತಾರೆ. ಶನಿವಾರ ಸಂಜೆ ಹೋದರೆ ಗಿರಾಕಿ ಹೆಚ್ಚು, ಮಾತಿಗೆ ಸಿಗುವುದಿಲ್ಲ. ವಾರದ ನಡುವೆ ಮಧ್ಯಾಹ್ನ ಹೋಗಿ. ಮಳೆ ಹಿಡಿಯುವ ಮೊದಲು ಇನ್ನೊಂದು ಅಷ್ಟಮಿ ಉಳಿದಿದೆ. ಕಾಲುಳ್ಳ 60 ಗ್ರಾಮಿನ ಸೀಸ ಆರು ಹೊಯ್ದಿಡಲು ನಿನ್ನೆಯೇ ಹೇಳಿ ಬಂದಿದ್ದೇನೆ.